ಪುಟ್ಟ ಫೈಲ್‌ಸಿಸ್ಟಮ್ ಬರೆದೆ: ಮೆಮೊರಿಯ ಕಡೆ ಕಲಿತದ್ದು

ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಟ್ಟು ಹುಡುಕಿಕೊಡುವ ವ್ಯವಸ್ಥೆ, ಬರೆಯಬೇಕು ಅಂತ ಕೂತಾಗ ನಾನು ಮೊದಲು ಮಾಡಿದ್ದು ಡಿಸ್ಕಿನ ನಕ್ಷೆ. ಎರಡು ಸಂಜೆಯಲ್ಲಿ ಅದು ಮುಗಿಯಿತು. ದೊಡ್ಡ ಕೆಲಸ ಆಯ್ತು ಅಂದುಕೊಂಡೆ. ಆದರೆ ಆಮೇಲಿನ ಮೂರು ತಿಂಗಳು ಪೂರ್ತಿ ಹೋದದ್ದು ಮೆಮೊರಿಯಲ್ಲಿ ಇಟ್ಟುಕೊಳ್ಳುವ ರಚನೆಗಳಿಗೆ. ಇಲ್ಲಿ ಬರೆಯುತ್ತಿರುವುದು ಆ ಮೂರು ತಿಂಗಳ ಬಗ್ಗೆ.

ನಿಜವಾದ ಡಿಸ್ಕ್ ಮುಟ್ಟಲಿಲ್ಲ. 64 ಎಂಬಿಯ ಒಂದು ಫೈಲನ್ನೇ ಡಿಸ್ಕ್ ಅಂತ ಇಟ್ಟುಕೊಂಡು, ಸಿ ಭಾಷೆಯಲ್ಲಿ ಒಂದು ಲೈಬ್ರರಿ ಬರೆದೆ. ಅದನ್ನು ಒಂದೇ ಅಳತೆಯ ತುಂಡುಗಳಾಗಿ, ಅಂದರೆ ಬ್ಲಾಕುಗಳಾಗಿ, ಹಂಚಿದೆ. ಒಂದು ಬ್ಲಾಕಿನ ಅಳತೆ 4096 ಬೈಟ್, ಹಾಗಾಗಿ ಒಟ್ಟು 16384 ಬ್ಲಾಕ್. 0ನೇ ಬ್ಲಾಕ್ ಸೂಪರ್‌ಬ್ಲಾಕ್, ಅಂದರೆ ಇಡೀ ಫೈಲ್‌ಸಿಸ್ಟಮ್‌ನ ವಿವರ. 1ರಲ್ಲಿ ಐನೋಡ್ ಬಿಟ್‌ಮ್ಯಾಪ್, 2ರಲ್ಲಿ ಡೇಟಾ ಬಿಟ್‌ಮ್ಯಾಪ್. ಐನೋಡ್ ಅಂದರೆ ಒಂದು ಫೈಲಿನ ವಿವರ ಇರುವ ದಾಖಲೆ, ಬಿಟ್‌ಮ್ಯಾಪ್ ಅಂದರೆ ಯಾವುದು ಖಾಲಿ, ಯಾವುದು ಬಳಕೆಯಲ್ಲಿದೆ ಅನ್ನುವ ಗುರುತು. 3ರಿಂದ 18ರ ತನಕ ಐನೋಡ್ ಟೇಬಲ್. ಉಳಿದದ್ದೆಲ್ಲ ಡೇಟಾ. ಒಂದು ಐನೋಡ್ 64 ಬೈಟ್: ಬಗೆಗೆ 2, ಲಿಂಕ್ ಎಣಿಕೆಗೆ 2, ಫೈಲಿನ ಗಾತ್ರಕ್ಕೆ 4, ಬದಲಾದ ಸಮಯಕ್ಕೆ 4, ನೇರ ಬ್ಲಾಕ್ ನಂಬರ್ 12ಕ್ಕೆ 48, ಇಂಡೈರೆಕ್ಟ್ ಬ್ಲಾಕ್ ಒಂದಕ್ಕೆ 4. ಇಂಡೈರೆಕ್ಟ್ ಬ್ಲಾಕಿನಲ್ಲಿ ಡೇಟಾ ಬದಲು ಇನ್ನಷ್ಟು ಬ್ಲಾಕ್ ನಂಬರ್ ಇರುತ್ತವೆ, 1024 ನಂಬರ್ ಹಿಡಿಯುತ್ತವೆ. ಹಾಗಾಗಿ ಒಂದು ಫೈಲ್ ಹೆಚ್ಚೆಂದರೆ 1036 ಬ್ಲಾಕ್, ಅಂದರೆ 4 ಎಂಬಿಗಿಂತ ಚೂರು ಜಾಸ್ತಿ. ಇದರಲ್ಲಿ ನನ್ನದು ಅಂತ ಹೊಸದೇನೂ ಇಲ್ಲ. 1970ರ ದಶಕದ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ತಂದ ಪದ್ಧತಿಯೇ ಇದು. ಎಂಐಟಿಯಲ್ಲಿ ಪಾಠಕ್ಕೆ ಬಳಸುವ ಎಕ್ಸ್‌ವಿ6 ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನ ಕೋಡನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಬರೆದೆ. ಅದರ ಐನೋಡ್ ಕೂಡ 64 ಬೈಟ್.

ಡಿಸ್ಕಿನ ಮೇಲಿನ ಐನೋಡ್ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು ಅಂತ ಹೇಳುತ್ತದೆ. ಆದರೆ ಈ ಹೊತ್ತಿನಲ್ಲಿ ಅದನ್ನು ಯಾರು ಹಿಡಿದಿದ್ದಾರೆ, ಯಾರು ಬದಲಾಯಿಸುತ್ತಿದ್ದಾರೆ, ಬದಲಾದದ್ದು ಡಿಸ್ಕಿಗೆ ಹೋಯಿತಾ ಇಲ್ಲವಾ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಇದನ್ನೆಲ್ಲ ನೆನಪಿಡುವುದು ಮೆಮೊರಿಯ ಕೆಲಸ.

ಮೊದಲು ಬರೆದದ್ದು ಬಫರ್ ಕ್ಯಾಶ್, ಅಂದರೆ ಡಿಸ್ಕಿನ ಬ್ಲಾಕುಗಳ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ. 64 ಬಫರ್, ಒಂದೊಂದರಲ್ಲಿ ಒಂದು ಬ್ಲಾಕಿನ 4096 ಬೈಟ್. ಜೊತೆಗೆ ಬ್ಲಾಕ್ ನಂಬರ್, ಎಷ್ಟು ಜನ ಹಿಡಿದಿದ್ದಾರೆ ಅನ್ನುವ ರೆಫರೆನ್ಸ್ ಕೌಂಟ್, ಒಳಗಿರುವುದು ಸರಿಯಾದ ಡೇಟಾ ಹೌದೋ ಅಲ್ಲವೋ ಅನ್ನುವ ಫ್ಲ್ಯಾಗ್, ಬದಲಾದದ್ದು ಇನ್ನೂ ಡಿಸ್ಕಿಗೆ ಹೋಗಿಲ್ಲ ಅನ್ನುವ ಡರ್ಟಿ ಫ್ಲ್ಯಾಗ್, ಒಮ್ಮೆಗೆ ಒಬ್ಬರೇ ಮುಟ್ಟುವಂತೆ ತಡೆಯುವ ಒಂದು ಲಾಕ್. ಪ್ರತಿ ಬಫರ್ ಏಕಕಾಲಕ್ಕೆ ಎರಡು ಪಟ್ಟಿಗಳಲ್ಲಿ ಇರುತ್ತದೆ. ಬ್ಲಾಕ್ ನಂಬರ್ ಕೊಟ್ಟರೆ ತಕ್ಷಣ ಸಿಗಲಿ ಅಂತ ಹ್ಯಾಶ್ ಟೇಬಲಿನಲ್ಲಿ. ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದು ಯಾವುದು ಅಂತ ತಿಳಿಯಲು ಎಲ್‌ಆರ್‌ಯು (ಲೀಸ್ಟ್ ರೀಸೆಂಟ್ಲಿ ಯೂಸ್ಡ್) ಪಟ್ಟಿಯಲ್ಲಿ; ಹೊಸ ಬ್ಲಾಕಿಗೆ ಜಾಗ ಬೇಕಾದಾಗ ಹೊರಹಾಕುವುದು ಅದನ್ನೇ. ಹ್ಯಾಶ್‌ಗೆ ದೊಡ್ಡ ಲೆಕ್ಕವೇನೂ ಬೇಕಾಗಲಿಲ್ಲ. ಬ್ಲಾಕ್ ನಂಬರಿನ ಕೊನೆಯ 6 ಬಿಟ್ ತೆಗೆದುಕೊಂಡೆ. ಒಂದು ಫೈಲಿನ ಬ್ಲಾಕುಗಳು ಸಾಮಾನ್ಯವಾಗಿ ಒಂದರ ಪಕ್ಕ ಒಂದು ಇರುವುದರಿಂದ ಅವು ತಾವಾಗಿಯೇ ಟೇಬಲಿನ ಬೇರೆ ಬೇರೆ ಬಕೆಟ್‌ಗೆ, ಅಂದರೆ ಖಾನೆಗೆ, ಹಂಚಿಹೋಗುತ್ತವೆ.

ಎಲ್‌ಆರ್‌ಯು ಒಂದೇ ಸಾಕು ಅಂದುಕೊಂಡಿದ್ದೆ, ಸಾಲಲಿಲ್ಲ. 4 ಎಂಬಿಯ ಫೈಲೊಂದನ್ನು ಮೊದಲಿಂದ ಕೊನೆಯ ತನಕ ಓದಿದರೆ ಸಾವಿರಕ್ಕೂ ಹೆಚ್ಚು ಬ್ಲಾಕ್ ಆ 64 ಬಫರಿನ ಮೂಲಕ ಹರಿದುಹೋಗುತ್ತವೆ. ಅವುಗಳಲ್ಲಿ ಯಾವುದನ್ನೂ ಮತ್ತೆ ಯಾರೂ ಕೇಳುವುದಿಲ್ಲ. ಆದರೆ ಹೋಗುವಾಗ ಅವು ಬಿಟ್‌ಮ್ಯಾಪ್ ಬ್ಲಾಕುಗಳನ್ನೂ ಆಚೆ ತಳ್ಳಿಬಿಡುತ್ತಿದ್ದವು. ಮುಂದಿನ ಸಲ ಒಂದೇ ಒಂದು ಬ್ಲಾಕ್ ಬೇಕಾದರೂ ಬಿಟ್‌ಮ್ಯಾಪನ್ನು ಡಿಸ್ಕಿನಿಂದಲೇ ಓದಬೇಕು. ಅದಕ್ಕೆ ಸೂಪರ್‌ಬ್ಲಾಕ್ ಮತ್ತು ಎರಡೂ ಬಿಟ್‌ಮ್ಯಾಪ್‌ಗಳನ್ನು ಕ್ಯಾಶ್‌ನಿಂದ ಹೊರಗೆ ತೆಗೆದೆ. ಮೌಂಟ್ ಮಾಡುವಾಗಲೇ, ಅಂದರೆ ಫೈಲ್‌ಸಿಸ್ಟಮನ್ನು ಬಳಕೆಗೆ ತೆರೆಯುವಾಗಲೇ, ಓದಿ, ಅನ್‌ಮೌಂಟ್ ಆಗುವ ತನಕ ಮೆಮೊರಿಯಲ್ಲೇ ಇಡುತ್ತೇನೆ. 16384 ಬ್ಲಾಕಿಗೆ ಬೇಕಾದ ಬಿಟ್‌ಮ್ಯಾಪ್ 2048 ಬೈಟ್ ಅಷ್ಟೇ. ಇಷ್ಟು ಚಿಕ್ಕದ್ದನ್ನು ಒಳಗೆ ಹೊರಗೆ ಓಡಾಡಿಸುವುದರಲ್ಲಿ ಅರ್ಥವಿಲ್ಲ ಅಲ್ವಾ. ಜೊತೆಗೆ, ಕಳೆದ ಸಲ ಖಾಲಿ ಬ್ಲಾಕ್ ಎಲ್ಲಿ ಸಿಕ್ಕಿತು ಅನ್ನುವ ಒಂದು ನಂಬರ್ ಇಟ್ಟುಕೊಂಡು ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಿದೆ. ಡಿಸ್ಕ್ ತುಂಬುತ್ತ ಬಂದಾಗ ಇದರ ಬೆಲೆ ಚೆನ್ನಾಗಿ ಗೊತ್ತಾಯಿತು.

ಇನ್ನು ಐನೋಡ್ ಕ್ಯಾಶ್, ಅಂದರೆ ಬಳಕೆಯಲ್ಲಿರುವ ಐನೋಡುಗಳನ್ನು ಮೆಮೊರಿಯಲ್ಲಿ ಇಡುವ ಟೇಬಲ್. ನನ್ನ ನಿದ್ದೆ ಕೆಡಿಸಿದ್ದು ಇದೇ.

ಒಂದು ಪರೀಕ್ಷೆ ಬರೆದಿದ್ದೆ. 8 ಥ್ರೆಡ್, ಅಂದರೆ ಒಂದೇ ಪ್ರೋಗ್ರಾಮಿನೊಳಗೆ ಒಟ್ಟಿಗೆ ಓಡುವ 8 ಕೆಲಸ. ಎಲ್ಲವೂ ಒಂದೇ ಫೈಲಿಗೆ 16 ಬೈಟಿನ ಒಂದೊಂದು ದಾಖಲೆಯನ್ನು 1000 ಸಲ ಸೇರಿಸಬೇಕು. ಪ್ರತಿ ಸಲವೂ ಫೈಲ್ ತೆರೆದು, ಕೊನೆಗೆ ಬರೆದು, ಮುಚ್ಚಬೇಕು. ಎಲ್ಲ ಮುಗಿದಾಗ ಗಾತ್ರ 1,28,000 ಬೈಟ್ ಇರಬೇಕು. ಹತ್ತರಲ್ಲಿ ಏಳೆಂಟು ಸಲ ಹಾಗೇ ಇರುತ್ತಿತ್ತು. ಒಮ್ಮೊಮ್ಮೆ ಮಾತ್ರ 1,27,968. ಎರಡು ದಾಖಲೆ ಮಾಯ. ಐನೋಡಿಗೆ ಲಾಕ್ ಇದೆ, ಬರೆಯುವ ಮುಂಚೆ ಅದನ್ನು ಹಿಡಿಯುತ್ತಿದ್ದೇನೆ, ಬರೆದ ಮೇಲೆ ಬಿಡುತ್ತಿದ್ದೇನೆ. ಮತ್ತೆ ಹೇಗೆ ಕಳೆದುಹೋಗುತ್ತದೆ?

ಮೂರು ದಿನ ಬರೆಯುವ ಕೋಡಿನಲ್ಲೇ ಹುಡುಕಿದೆ. ಕೊನೆಗೆ ಪ್ರತಿ ಥ್ರೆಡ್ ತನ್ನ ಕೈಯಲ್ಲಿರುವ ಐನೋಡಿನ ವಿಳಾಸವನ್ನು ಪ್ರಿಂಟ್ ಮಾಡುವಂತೆ ಬದಲಿಸಿದೆ. 37ನೇ ಐನೋಡಿಗೆ ಒಂದೇ ಕ್ಷಣದಲ್ಲಿ ಎರಡು ಬೇರೆ ಬೇರೆ ವಿಳಾಸ ಕಂಡವು. ಮೆಮೊರಿಯಲ್ಲಿ ಅದರ ಎರಡು ಪ್ರತಿ ಇದ್ದವು! ಒಂದೊಂದು ಪ್ರತಿಗೂ ಅದರದೇ ಲಾಕ್. ಎರಡು ಥ್ರೆಡ್ ಬೇರೆ ಬೇರೆ ಲಾಕ್ ಹಿಡಿದು, ತಾನೊಬ್ಬನೇ ಅಂದುಕೊಂಡು, ಒಂದೇ ಜಾಗಕ್ಕೆ ಬರೆದಿದ್ದವು.

ತಪ್ಪು ಇದ್ದದ್ದು ಐನೋಡ್ ತಂದುಕೊಡುವ ಐಗೆಟ್ ಫಂಕ್ಷನ್ನಿನಲ್ಲಿ. ಅದು ಟೇಬಲಿನ ಲಾಕ್ ಹಿಡಿದು ಹುಡುಕುತ್ತಿತ್ತು. ಸಿಗದಿದ್ದರೆ ಲಾಕ್ ಬಿಟ್ಟು ಡಿಸ್ಕಿನಿಂದ ಓದುತ್ತಿತ್ತು. ಡಿಸ್ಕ್ ನಿಧಾನ, ಅಷ್ಟು ಹೊತ್ತು ಇಡೀ ಟೇಬಲನ್ನು ಹಿಡಿದಿಡುವುದು ಬೇಡ ಅನ್ನುವುದು ನನ್ನ ಲೆಕ್ಕ. ಓದಿ ಆದ ಮೇಲೆ ಮತ್ತೆ ಲಾಕ್ ಹಿಡಿದು ಟೇಬಲಿಗೆ ಸೇರಿಸುತ್ತಿತ್ತು. ಆ ನಡುವಿನ ಸಂದಿಯಲ್ಲಿ ಇನ್ನೊಂದು ಥ್ರೆಡ್ ಅದೇ ನಂಬರ್ ಕೇಳಿಕೊಂಡು ಬಂದರೆ, ಅದಕ್ಕೂ ಟೇಬಲಿನಲ್ಲಿ ಏನೂ ಸಿಗುವುದಿಲ್ಲ. ಅದೂ ಹೋಗಿ ಓದುತ್ತದೆ, ಅದೂ ಸೇರಿಸುತ್ತದೆ.

ಸರಿಪಡಿಸಿದ್ದು ಹೀಗೆ. ಟೇಬಲಿನಲ್ಲಿ ಸಿಗದಿದ್ದರೆ, ಲಾಕ್ ಬಿಡುವ ಮುಂಚೆಯೇ ಒಂದು ಖಾಲಿ ಐನೋಡಿಗೆ 37 ಅಂತ ನಂಬರ್ ಹಾಕಿ, ರೆಫರೆನ್ಸ್ ಕೌಂಟ್ 1 ಮಾಡಿ, ‘ಇನ್ನೂ ಓದಿಲ್ಲ’ ಅಂತ ಫ್ಲ್ಯಾಗ್ ಇಟ್ಟು ಟೇಬಲಿಗೆ ಸೇರಿಸಿಬಿಡುವುದು. ಆಮೇಲೆ ಟೇಬಲಿನ ಲಾಕ್ ಬಿಡುವುದು. ನಂತರ ಆ ಐನೋಡಿನ ಸ್ವಂತ ಲಾಕ್ ಹಿಡಿದು, ಇನ್ನೂ ಓದಿಲ್ಲ ಅಂತಿದ್ದರೆ ಡಿಸ್ಕಿನಿಂದ ಓದುವುದು. ಎರಡನೇ ಥ್ರೆಡ್ ಬಂದಾಗ ಟೇಬಲಿನಲ್ಲಿ 37 ಸಿಗುತ್ತದೆ. ಕೌಂಟ್ 2 ಮಾಡಿ, ಐನೋಡಿನ ಲಾಕ್‌ಗೆ ಕಾಯುತ್ತದೆ. ಲಾಕ್ ಸಿಗುವ ಹೊತ್ತಿಗೆ ಓದಿ ಆಗಿರುತ್ತದೆ. ಎಕ್ಸ್‌ವಿ6ನಲ್ಲೂ ಹೀಗೇ ಇದೆ. ಅದನ್ನು ಮೊದಲೇ ಓದಿದ್ದೆ, ಆದರೆ ಯಾಕೆ ಹಾಗೆ ಅಂತ ಅರ್ಥವಾದದ್ದು ಅವತ್ತು.

ತಕ್ಷಣ ಬಫರ್ ಕ್ಯಾಶಿಗೂ ಇದನ್ನೇ ಮಾಡಿದೆ. ಅಲ್ಲಿ ಅಪಾಯ ಇನ್ನೂ ಜಾಸ್ತಿ. ಐನೋಡ್ ಟೇಬಲಿನ ಒಂದು ಬ್ಲಾಕಿನಲ್ಲಿ 64 ಐನೋಡ್ ಒಟ್ಟಿಗೆ ಕೂತಿರುತ್ತವೆ. ಆ ಬ್ಲಾಕಿಗೆ ಎರಡು ಬಫರ್ ಆಗಿಬಿಟ್ಟರೆ, 5ನೇ ಐನೋಡ್ ಬದಲಿಸಿದವನ ಕೆಲಸವನ್ನು 9ನೇ ಐನೋಡ್ ಬದಲಿಸಿದವನು ಅಳಿಸಿಹಾಕುತ್ತಾನೆ. ಇಬ್ಬರಿಗೂ ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತೇ ಇರುವುದಿಲ್ಲ.

ಇಲ್ಲೇ ಇನ್ನೊಂದು ವಿಷಯ ಸ್ಪಷ್ಟವಾಯಿತು. ರೆಫರೆನ್ಸ್ ಕೌಂಟ್ ಬೇರೆ, ಲಾಕ್ ಬೇರೆ. ಕೌಂಟ್ ಅಂದರೆ ‘ಇದು ನನಗೆ ಬೇಕು, ಟೇಬಲಿನಿಂದ ತೆಗೆಯಬೇಡ’. ಲಾಕ್ ಅಂದರೆ ‘ಈಗ ಇದನ್ನು ಬದಲಿಸುತ್ತಿದ್ದೇನೆ, ಸ್ವಲ್ಪ ತಡಿ’. ಫೈಲ್ ತೆರೆದಿಟ್ಟವರು ಗಂಟೆಗಟ್ಟಲೆ ಕೌಂಟ್ ಹಿಡಿದಿರುತ್ತಾರೆ. ಲಾಕ್ ಹಿಡಿಯುವುದು ಒಂದು ಓದು ಅಥವಾ ಒಂದು ಬರಹದಷ್ಟು ಹೊತ್ತು ಮಾತ್ರ. ನಾನು ಮೊದಲು ಐಗೆಟ್‌ನಲ್ಲೇ ಲಾಕ್ ಕೂಡ ಹಿಡಿದು ಕೊಡುತ್ತಿದ್ದೆ, ಕೇಳಿದವರಿಗೆ ಅನುಕೂಲ ಅಂತ. ಪಾತ್, ಅಂದರೆ ಫೈಲಿಗೆ ಹೋಗುವ ಡೈರೆಕ್ಟರಿಗಳ ದಾರಿ, ಹುಡುಕುವಾಗ ಡೈರೆಕ್ಟರಿಯ ಲಾಕ್ ಹಿಡಿದುಕೊಂಡೇ ಒಳಗಿನ ಹೆಸರಿನ ಐನೋಡ್ ತರುತ್ತಿದ್ದೆ. ಯಾರೋ ಪಾತ್‌ನಲ್ಲಿ ಒಂದು ಚುಕ್ಕಿ ಹಾಕಿದರು ಅಂದುಕೊಳ್ಳಿ, ಅಂದರೆ ‘ಇದೇ ಡೈರೆಕ್ಟರಿ’. ಆಗ ಥ್ರೆಡ್ ತಾನೇ ಹಿಡಿದಿರುವ ಲಾಕ್‌ಗೆ ತಾನೇ ಕಾಯುತ್ತ ನಿಂತುಬಿಡುತ್ತದೆ. ಎರಡು ಚುಕ್ಕಿಯ, ಅಂದರೆ ‘ಮೇಲಿನ ಡೈರೆಕ್ಟರಿ’ಯ, ಕಥೆಯೂ ಅಷ್ಟೇ: ಒಂದು ಥ್ರೆಡ್ ಮೇಲಿಂದ ಕೆಳಗೆ, ಇನ್ನೊಂದು ಕೆಳಗಿಂದ ಮೇಲೆ ಹೋಗುವಾಗ ಇಬ್ಬರೂ ಎದುರುಬದುರು ಸಿಕ್ಕಿಹಾಕಿಕೊಳ್ಳುತ್ತಾರೆ. ಐಗೆಟ್ ಬರೀ ಕೌಂಟ್ ಮಾತ್ರ ಕೊಡುವಂತೆ ಬದಲಿಸಿ, ಮೇಲಿನ ಡೈರೆಕ್ಟರಿಯ ಲಾಕ್ ಬಿಟ್ಟ ಮೇಲೆಯೇ ಕೆಳಗಿನದ್ದನ್ನು ಹಿಡಿಯುವಂತೆ ಮಾಡಿದೆ. ಎರಡೂ ಬಗೆಹರಿದವು.

ಫೈಲ್ ಡಿಲೀಟ್ ಮಾಡುವಾಗಲೂ ಕೌಂಟ್ ಕೆಲಸಕ್ಕೆ ಬಂತು. ಯುನಿಕ್ಸ್‌ನಲ್ಲಿ ತೆರೆದಿರುವ ಫೈಲನ್ನು ಡಿಲೀಟ್ ಮಾಡಬಹುದು. ಹೆಸರು ಹೋಗುತ್ತದೆ, ಆದರೆ ತೆರೆದಿಟ್ಟವರು ಓದುತ್ತಲೇ ಇರಬಹುದು. ನಾನು ಮೊದಲು ಹೆಸರು ತೆಗೆದ ತಕ್ಷಣ ಬ್ಲಾಕುಗಳನ್ನೂ ಬಿಟ್‌ಮ್ಯಾಪ್‌ಗೆ ವಾಪಸ್ ಕೊಡುತ್ತಿದ್ದೆ. ಓದುತ್ತಿದ್ದ ಥ್ರೆಡ್‌ಗೆ ಸ್ವಲ್ಪ ಹೊತ್ತಿನಲ್ಲೇ ಬೇರೆ ಫೈಲಿನ ಡೇಟಾ ಕಾಣತೊಡಗಿತು. ನೋಡಿ ಕೈಕಾಲು ತಣ್ಣಗಾಯಿತು. ಈಗ ಎರಡು ಎಣಿಕೆ ನೋಡುತ್ತೇನೆ. ಡಿಸ್ಕಿನಲ್ಲಿರುವ ಲಿಂಕ್ ಎಣಿಕೆ ಎಷ್ಟು ಹೆಸರು ಇವೆ ಅಂತ ಹೇಳುತ್ತದೆ, ಮೆಮೊರಿಯ ರೆಫರೆನ್ಸ್ ಕೌಂಟ್ ಎಷ್ಟು ಜನ ಹಿಡಿದಿದ್ದಾರೆ ಅಂತ. ಎರಡೂ ಸೊನ್ನೆಯಾದಾಗ ಮಾತ್ರ ಬ್ಲಾಕ್ ಬಿಡುಗಡೆ. ನಡುವೆ ಪ್ರೋಗ್ರಾಂ ಸತ್ತರೆ, ಲಿಂಕ್ ಸೊನ್ನೆಯಾದ ಐನೋಡ್ ಹೆಸರಿಲ್ಲದೆ ಡಿಸ್ಕಿನಲ್ಲೇ ಉಳಿಯುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ3 ಫೈಲ್‌ಸಿಸ್ಟಮ್‌ನಲ್ಲಿ ಇಂಥವುಗಳ ಪಟ್ಟಿಯೇ ಇರುತ್ತದೆ, ಅದರ ತಲೆ ಸೂಪರ್‌ಬ್ಲಾಕಿನಲ್ಲಿ. ನನ್ನಲ್ಲಿ ಇರುವುದೇ 1024 ಐನೋಡ್, ಹಾಗಾಗಿ ಮೌಂಟ್ ಮಾಡುವಾಗ ಸುಮ್ನೆ ಎಲ್ಲವನ್ನೂ ಒಮ್ಮೆ ನೋಡಿ ಗುಡಿಸುತ್ತೇನೆ.

ತೆರೆದ ಫೈಲುಗಳ ಟೇಬಲ್ ಬಗ್ಗೆ ಒಂದೇ ಮಾತು. ಎಲ್ಲಿಯ ತನಕ ಓದಿದೆ ಅನ್ನುವ ಆಫ್‌ಸೆಟ್ ಐನೋಡಿನಲ್ಲಿ ಇರಬಾರದು, ಫೈಲ್ ತೆರೆದವರಿಗೆ ಸಿಗುವ ಡಿಸ್ಕ್ರಿಪ್ಟರ್ ನಂಬರಿನ ಜೊತೆಗೂ ಇರಬಾರದು, ನಡುವೆ ಒಂದು ಪ್ರತ್ಯೇಕ ರಚನೆಯಲ್ಲಿ ಇರಬೇಕು. ಒಂದೇ ಫೈಲನ್ನು ಇಬ್ಬರು ಬೇರೆ ಬೇರೆ ತೆರೆದರೆ ಆಫ್‌ಸೆಟ್ ಬೇರೆ. ಡಿಸ್ಕ್ರಿಪ್ಟರನ್ನು ನಕಲು ಮಾಡಿದರೆ ಆಫ್‌ಸೆಟ್ ಒಂದೇ. ಶೆಲ್‌ನಲ್ಲಿ ಎರಡು ಕಮಾಂಡಿನ ಔಟ್‌ಪುಟ್ ಒಂದೇ ಫೈಲಿಗೆ ಒಂದರ ಹಿಂದೆ ಒಂದು ಸೇರುವುದು ಇದರಿಂದಲೇ.

ಹೆಸರಿನ ಕ್ಯಾಶ್ ಕೊನೆಗೆ ಸೇರಿಸಿದೆ. ಡೈರೆಕ್ಟರಿಯ ಐನೋಡ್ ನಂಬರ್ ಮತ್ತು ಹೆಸರು ಕೊಟ್ಟರೆ ಒಳಗಿನ ಐನೋಡ್ ನಂಬರ್ ಸಿಗುವ ಹ್ಯಾಶ್ ಟೇಬಲ್. ‘ಈ ಹೆಸರಿನ ಫೈಲ್ ಇಲ್ಲ’ ಅನ್ನುವುದನ್ನೂ ಅದರಲ್ಲಿ ನೆನಪಿಟ್ಟೆ, ಲಿನಕ್ಸ್ ಹಾಗೆ ಮಾಡುತ್ತದೆ. ಪ್ರೋಗ್ರಾಂಗಳು ಇಲ್ಲದ ಫೈಲುಗಳನ್ನು ಎಷ್ಟು ಸಲ ಹುಡುಕುತ್ತವೆ ಅಂತ ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಆದರೆ ಹೊಸ ಫೈಲ್ ಮಾಡಿದಾಗ ಆ ‘ಇಲ್ಲ’ವನ್ನು ಅಳಿಸುವುದು ಮರೆತಿದ್ದೆ. ಫೈಲ್ ಡೈರೆಕ್ಟರಿ ಪಟ್ಟಿಯಲ್ಲಿ ಕಾಣುತ್ತಿತ್ತು, ತೆರೆಯಲು ಹೋದರೆ ಇಲ್ಲ ಅನ್ನುತ್ತಿತ್ತು. ಒಂದು ಸಾಲು ಸೇರಿಸಿದ ಮೇಲೆ ಸರಿಯಾಯಿತು.

ಉಳಿದದ್ದು ಡರ್ಟಿ ಬಫರುಗಳು. ಎಲ್‌ಆರ್‌ಯು ತನಗೆ ಬೇಕಾದ ಕ್ರಮದಲ್ಲಿ ಬಫರ್ ಹೊರಹಾಕುತ್ತದೆ, ಹಾಕುವಾಗ ಡಿಸ್ಕಿಗೆ ಬರೆಯುತ್ತದೆ. ಡೈರೆಕ್ಟರಿಯ ಹೆಸರು ಮೊದಲು ಹೋಗಿ, ಅದು ತೋರಿಸುವ ಐನೋಡ್ ಹೋಗುವ ಮುಂಚೆ ಪ್ರೋಗ್ರಾಂ ಸತ್ತರೆ? ಹೆಸರು ಹಳೆಯ ಕಸವನ್ನು ತೋರಿಸುತ್ತದೆ. ಅದಕ್ಕೆ ಈಗ ಫೈಲಿನ ಡೇಟಾ ಮಾತ್ರ ತಡವಾಗಿ ಬರೆಯುತ್ತೇನೆ. ಐನೋಡ್, ಡೈರೆಕ್ಟರಿ, ಬಿಟ್‌ಮ್ಯಾಪ್ ತಕ್ಷಣ ಹೋಗಬೇಕು, ಕ್ರಮವಾಗಿ ಹೋಗಬೇಕು. ಫೈಲ್ ಮಾಡುವಾಗ ಬಿಟ್‌ಮ್ಯಾಪ್, ಆಮೇಲೆ ಐನೋಡ್, ಆಮೇಲೆ ಹೆಸರು. ಅಳಿಸುವಾಗ ಸರಿಯಾಗಿ ತಿರುಗಾಮುರುಗಾ.

ಪರೀಕ್ಷೆಗೆ, ಕೆಲಸ ಮಾಡುತ್ತಿರುವಾಗಲೇ ಪ್ರೋಗ್ರಾಮನ್ನು ಎಲ್ಲೆಂದರಲ್ಲಿ ಕೊಂದು, ಮತ್ತೆ ಮೌಂಟ್ ಮಾಡಿ ಎಲ್ಲವನ್ನೂ ತಾಳೆ ನೋಡುತ್ತೇನೆ. ಇದರಿಂದ ಪ್ರೋಗ್ರಾಂ ಸತ್ತ ಸಂದರ್ಭ ಮಾತ್ರ ಗೊತ್ತಾಗುತ್ತದೆ. ಕರೆಂಟ್ ಹೋದ ಸಂದರ್ಭ ಬೇರೆ, ಯಾಕೆಂದರೆ ನಾನು ಬರೆದದ್ದು ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶ್‌ನಲ್ಲೇ ಇರಬಹುದು. ಪ್ರೋಗ್ರಾಂ ಕೊಲ್ಲುವ ಪರೀಕ್ಷೆಯಲ್ಲಿ ಈಗ ಸಿಗುತ್ತಿರುವುದು ಯಾರಿಗೂ ಸೇರದ ಒಂದೆರಡು ಬ್ಲಾಕ್ ಮಾತ್ರ. ಒಂದೇ ಬ್ಲಾಕ್ ಎರಡು ಫೈಲಿಗೆ ಸೇರಿದ್ದು ಇಲ್ಲಿಯ ತನಕ ಕಂಡಿಲ್ಲ.

ಆ ಕಳೆದುಹೋಗುವ ಬ್ಲಾಕುಗಳಿಗಾಗಿ ಈಗ ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲು ಒಂದು ಕಡೆ ಬರೆದಿಟ್ಟುಕೊಳ್ಳುವ ವ್ಯವಸ್ಥೆ, ಬರೆಯುತ್ತಿದ್ದೇನೆ. ಶುರುಮಾಡಿದ ಮೊದಲ ದಿನವೇ ಬಫರಿಗೆ ಇನ್ನೊಂದು ಎಣಿಕೆ ಬೇಕಾಯಿತು: ಜರ್ನಲಿಗೆ ಪೂರ್ತಿ ಹೋಗುವ ತನಕ ಈ ಬಫರನ್ನು ಎಲ್‌ಆರ್‌ಯು ಮುಟ್ಟಬಾರದು ಅಂತ ಹೇಳಲು.