ಕಾಂಕ್ರೀಟ್‌ಗೆ ಹಾರುಬೂದಿ ಬೆರೆಸುವ ಕ್ರಮ

ರಾಯಚೂರಿನ ಶಕ್ತಿನಗರದಂತಹ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯನ್ನು ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಬಳಸಬಹುದು. ಆದರೆ ಬೂದಿ ಬೆರೆಸಿದ ತಾರಸಿಗೆ ಐದನೇ ದಿನಕ್ಕೇ ನೀರು ಹಾಕುವುದನ್ನು ಬಿಟ್ಟು, ಮೇಲ್ಮೈ ಉಗುರಿಗೆ ಪುಡಿಯಾಗಿ ಬರುವಾಗ ಬೂದಿಯನ್ನೇ ದೂರುವವರನ್ನು ನಾನು ಹಲವು ಕಡೆ ಕಂಡಿದ್ದೇನೆ.

ಮೊದಲು ಸಿಮೆಂಟ್ ಚೀಲದ ಮೇಲಿನ ಬರಹವನ್ನು ಓದಿ. ಪಿಪಿಸಿ ಎಂದಿದ್ದರೆ ಅದರಲ್ಲಿ ಕಾರ್ಖಾನೆಯಲ್ಲೇ ಶೇ 15ರಿಂದ 35ರಷ್ಟು ಹಾರುಬೂದಿ ಸೇರಿರುತ್ತದೆ. ಅದಕ್ಕೆ ಮತ್ತೆ ಬೂದಿ ಹಾಕಲೇಬಾರದು. ಬೂದಿ ಬೆರೆಸದ ಸಾದಾ ಸಿಮೆಂಟಾದ ಒಪಿಸಿಯನ್ನೇ ತರಿಸಿ.

ಬೂದಿ ಐಎಸ್ 3812 ಎಂಬ ಭಾರತೀಯ ಮಾನಕದ ಮೊದಲ ಭಾಗಕ್ಕೆ ಒಪ್ಪುವ, ಹೊಗೆಯಿಂದ ಹಿಡಿದ ಒಣ ಬೂದಿಯಾಗಿರಬೇಕು. ಸ್ಥಾವರದ ಬೂದಿ ಹೊಂಡದಿಂದ ತೋಡಿ ತಂದ ಬೂದಿಯನ್ನು ಅಗ್ಗಕ್ಕೆ ಕೊಡುತ್ತೇವೆ ಎನ್ನುವವರಿದ್ದಾರೆ. ಒರಟು ಕಣ ಬೆರೆತ ಆ ಮಾಲು ತಗ್ಗು ತುಂಬಲು ಸರಿ, ತಾರಸಿಗೆ ಬೇಡ. ತುಂಬಾ ಕಪ್ಪಗಿದ್ದರೆ ಉರಿಯದ ಇಂಗಾಲ ಉಳಿದಿದೆ ಎಂದು ಶಂಕಿಸಿ, ಪರೀಕ್ಷಾ ವರದಿ ಕೇಳಿ.

ಮಿಶ್ರಣದ ವಿನ್ಯಾಸವನ್ನು ಎಂಜಿನಿಯರರಿಂದಲೇ ಮಾಡಿಸಿ. ಮನೆಯ ಕೆಲಸಕ್ಕೆ ಸಿಮೆಂಟು, ಬೂದಿಗಳ ಒಟ್ಟು ತೂಕದಲ್ಲಿ ಬೂದಿ ಶೇ 25ನ್ನು ಮೀರುವುದು ನನಗೆ ಒಪ್ಪಿಗೆಯಿಲ್ಲ. ಅಂದರೆ ಮೂರು ಚೀಲ ಸಿಮೆಂಟಿಗೆ 50 ಕಿಲೋ ಬೂದಿ. ಬೂದಿ ಸಿಮೆಂಟಿಗಿಂತ ಹಗುರವಾದ್ದರಿಂದ ಬಾಂಡ್ಲಿಯಲ್ಲಿ ಅಳೆಯದೆ ತೂಕ ಮಾಡಿಯೇ ಹಾಕಬೇಕು. ಕೈಯಲ್ಲಿ ಕಲಸಿದರೆ ಬೂದಿ ಅಲ್ಲಲ್ಲಿ ಗುಂಪಾಗುತ್ತದೆ. ಮಿಕ್ಸರ್‌ನಲ್ಲಿ ಎರಡು ನಿಮಿಷವಾದರೂ ತಿರುಗಲಿ. ಬೂದಿಯ ಕಣಗಳು ಗುಂಡಗಿರುವುದರಿಂದ ಕಾಂಕ್ರೀಟ್ ಕಡಿಮೆ ನೀರಿಗೇ ಸಲೀಸಾಗಿ ಜಾರುತ್ತದೆ. ಆದ್ದರಿಂದ ಮೇಸ್ತ್ರಿ ಅಭ್ಯಾಸಬಲದಿಂದ ಸುರಿಯುವ ಕೊನೆಯ ಅರ್ಧ ಬಕೆಟ್ ನೀರನ್ನು ತಡೆಯಿರಿ.

ಕೆಲಸ ಕೆಡುವುದು ಹೆಚ್ಚಾಗಿ ಕಾಂಕ್ರೀಟನ್ನು ನೀರು ಹಾಕಿ ತೇವವಾಗಿಡುವ ಕ್ಯೂರಿಂಗ್‌ನಲ್ಲಿ. ಸಿಮೆಂಟು ನೀರಿನೊಡನೆ ಕೂಡಿದಾಗ ಸುಣ್ಣದ ಅಂಶ ಹೊರಬರುತ್ತದೆ. ಬೂದಿ ಆ ಸುಣ್ಣದೊಡನೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಒಳಗಿನ ತೇವ ಆರಿದರೆ ಈ ಕ್ರಿಯೆ ನಿಂತುಹೋಗುತ್ತದೆ. ಹಾಗಾಗಿಯೇ ಕಾಂಕ್ರೀಟ್ ಕೆಲಸದ ಮಾನಕವಾದ ಐಎಸ್ 456 ಇಂತಹ ಕಾಂಕ್ರೀಟ್‌ಗೆ ಕನಿಷ್ಠ 10 ದಿನ, ಒಣ ಬಿಸಿ ಹವೆಯಲ್ಲಿ 14 ದಿನ ಕ್ಯೂರಿಂಗ್ ಹೇಳುತ್ತದೆ. ರಾಯಚೂರು, ಬಳ್ಳಾರಿಯ ಬೇಸಿಗೆಗೆ 14 ದಿನವನ್ನೇ ಹಿಡಿಯಿರಿ. ತಾರಸಿ ಹಾಕಿದ ಮಾರನೆಯ ಬೆಳಿಗ್ಗೆ ತೆಳು ಗಾರೆಯಿಂದ ಚೌಕ ಚೌಕವಾಗಿ ಕಟ್ಟೆ ಕಟ್ಟಿ, ಎರಡು ಅಂಗುಲ ನೀರು ನಿಲ್ಲಿಸಿ. ಕಂಬಗಳ ಮೇಲೆ ನೀರು ನಿಲ್ಲದ ಕಾರಣ ಅವುಗಳಿಗೆ ಗೋಣಿಚೀಲ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ದಿನಕ್ಕೆ ಮೂರು ನಾಲ್ಕು ಬಾರಿ ನೆನೆಸಬೇಕು. ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಬೀಳುವ ಪಕ್ಕದಲ್ಲಿ ಗೋಣಿಯ ಒಳಗೆ ಬೆರಳು ತೂರಿಸಿ ನೋಡಿ: ತಣ್ಣಗೆ ಒದ್ದೆ ತಗುಲಿದರೆ ಸರಿ, ಬೆಚ್ಚಗೆ ಒಣಗಿದ್ದರೆ ಬೆಳಿಗ್ಗೆ ಹೊಡೆದ ನೀರು ಸಾಕಾಗಿಲ್ಲ. ಹಚ್ಚಿ ಬಿಡುವ ಕ್ಯೂರಿಂಗ್ ಬಣ್ಣಗಳನ್ನು ಮನೆಯ ಕೆಲಸದಲ್ಲಿ ನಂಬಬೇಡಿ.

ತಾರಸಿಗೆ ತಾತ್ಕಾಲಿಕವಾಗಿ ಆಸರೆ ಕೊಟ್ಟ ಸೆಂಟ್ರಿಂಗ್ ಕಂಬಗಳನ್ನು ಏಳನೇ ದಿನಕ್ಕೆ ಕೀಳಲು ಗುತ್ತಿಗೆದಾರ ಅವಸರಿಸುತ್ತಾನೆ. ಅದು ಬರೀ ಒಪಿಸಿ ಕಾಂಕ್ರೀಟಿನ, ಆಧಾರದಿಂದ ಆಧಾರಕ್ಕೆ 4.5 ಮೀಟರಿನೊಳಗಿನ ತಾರಸಿಯ ಲೆಕ್ಕ. ಬೂದಿ ಬೆರೆತಲ್ಲಿ 14 ದಿನ ಮುಟ್ಟಗೊಡಬೇಡಿ. ಹಾಕುವ ದಿನವೇ 7 ಮತ್ತು 28 ದಿನಗಳ ಬಲಪರೀಕ್ಷೆಗೆ ಅದೇ ಕಾಂಕ್ರೀಟಿನಿಂದ ಮಾದರಿ ಕ್ಯೂಬ್ ತುಂಬಿಸುವಾಗ, ಬೂದಿ ನಿಧಾನವಾಗಿ ಗಟ್ಟಿಯಾಗುವುದರಿಂದ 56ನೇ ದಿನಕ್ಕೆಂದು ಇನ್ನೂ ಮೂರನ್ನು ತುಂಬಿಸಿ ನೀರಿನಲ್ಲಿಡಿ.