ಮೊದಲು ಬುಡ ನೋಡಿ, ಆಮೇಲೆ ಬಂಡೆ: ಮಕ್ಕಳ ಜೊತೆ ಹತ್ತಿದ ನನ್ನ ಅನುಭವ

"ಒಂದು ವರ್ಷ ಇಂಡೋರ್ ಕ್ಲೈಂಬಿಂಗ್ ಗೋಡೆಯಲ್ಲಿ ಹತ್ತಿಸಿ, ಆಮೇಲೆ ಮಕ್ಕಳನ್ನ ಬಂಡೆಗೆ ಕರ್ಕೊಂಡು ಹೋಗಿ." ಜೊತೆಯಲ್ಲಿ ಹತ್ತುವವರೆಲ್ಲ ನನಗೆ ಹೇಳಿದ್ದು ಇದನ್ನೇ. ನಾನು ಕೇಳಲಿಲ್ಲ. ನಮ್ಮತ್ತೆ ಹೇಳಿದ್ದು ಬೇರೆ: "ಅಲ್ಲ ಕಣೇ, ನೀನು ಕೋತಿ ಆಗಿದ್ದು ಸಾಲ್ದು ಅಂತ ಮಕ್ಕಳನ್ನೂ ಮಾಡ್ತೀಯಾ?" ಅದನ್ನೂ ಕೇಳಲಿಲ್ಲ. ಈಗ ಮಗಳಿಗೆ ಒಂಬತ್ತು, ಮಗನಿಗೆ ಆರು. ಇಬ್ಬರೂ ರಾಮನಗರದ ಕಡೆಯ ಸ್ಲ್ಯಾಬ್‌ಗಳನ್ನು, ಅಂದರೆ ಇಳಿಜಾರಾದ ನುಣುಪು ಬಂಡೆಗಳನ್ನು, ಟಾಪ್ ರೋಪ್ (ಮೇಲಿನಿಂದ ಇಳಿಬಿಟ್ಟ ಹಗ್ಗ) ಮೇಲೆ ಆರಾಮಾಗಿ ಹತ್ತುತ್ತಾರೆ. ಅದಕ್ಕಿಂತ ದೊಡ್ಡದು, ಅಳದೆ ಇಳಿಯುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಇಂಡೋರ್ ಬೇಡ ಅಂದಿದ್ದಕ್ಕೆ ಕಾರಣ ಇತ್ತು. ಗೋಡೆ ಕಲಿಸುವುದು ಕೈಗೆ. ಎಲ್ಲಿ ಹಿಡಿಯಬೇಕು ಅಂತ ಅಲ್ಲಿ ಕೂರಿಸಿರುವ ಹಿಡಿಗಳ ಬಣ್ಣವೇ ಹೇಳಿಬಿಡುತ್ತದೆ. ನಮ್ಮ ದಕ್ಷಿಣ ಕರ್ನಾಟಕದ ಗ್ರಾನೈಟ್‌ನಲ್ಲಿ ಹಿಡಿಯುವುದಕ್ಕೆ ಏನೂ ಸಿಗಲ್ಲ. ಹಿಮ್ಮಡಿ ಇಳಿಸಿ, ಪಾದದ ಮೇಲೆ ಭಾರ ಹಾಕಿ, ಶೂ ಅಡಿಯ ರಬ್ಬರ್ ನಂಬಿ ನಿಲ್ಲಬೇಕು. ಇದರಲ್ಲಿ ಮಕ್ಕಳು ನಮಗಿಂತ ಮುಂದೆ. ಹದಿನೆಂಟು ಕೆಜಿ ಮೈ, ಚಿಕ್ಕ ಪಾದ. ನಾನು ಕಾಲಿಡಲು ಯೋಚನೆ ಮಾಡುವ ಕಾಳಿನಷ್ಟು ಉಬ್ಬಿನ ಮೇಲೆ ಮಗ ಎರಡೂ ಕಾಲಿಟ್ಟು ಮೂಗು ಕೆರೆದುಕೊಳ್ಳುತ್ತಾ ನಿಲ್ಲುತ್ತಾನೆ. ಬಿದ್ದರೂ ಸ್ಲ್ಯಾಬ್‌ನಲ್ಲಿ ಜಾರುವುದೇ ಹೊರತು ಗಾಳಿಯಲ್ಲಿ ತೂಗಾಡುವುದಿಲ್ಲ. ಮೊಣಕಾಲು ತರಚುತ್ತದೆ. ಹಾಗಾಗಿ ಉದ್ದ ಪ್ಯಾಂಟ್ ಕಡ್ಡಾಯ.

ಜಾಗ ಆರಿಸುವಾಗ ನಾನು ಬಂಡೆಯನ್ನು ನೋಡುವುದೇ ಕೊನೆಗೆ. ಮೊದಲು ಬುಡ. ಎರಡು ಚಾಪೆ ಹಾಸುವಷ್ಟು ಸಮತಟ್ಟಾದ ಜಾಗ ಇರಬೇಕು. ಹತ್ತದೇ ಇರುವ ಮಗು ಆಟ ಆಡುತ್ತಾ ನಾಲ್ಕು ಹೆಜ್ಜೆ ಅತ್ತ ಇತ್ತ ಹೋದರೆ ಕೆಳಗೆ ಇನ್ನೊಂದು ಇಳಿಜಾರು ಇರಬಾರದು. ನಮ್ಮ ಎಷ್ಟೋ ಒಳ್ಳೆ ಜಾಗಗಳು ಇಲ್ಲೇ ಫೇಲ್. ಹತ್ತುವ ಮಗುವಿಗೆ ಹಗ್ಗ ಇರುತ್ತದೆ, ಕೆಳಗೆ ಬಿಸ್ಕತ್ತು ತಿನ್ನುತ್ತಿರುವ ಮಗುವಿಗೆ ಏನಿರುತ್ತದೆ? ಎರಡನೆಯದು, ಬಂಡೆಯ ತಲೆಗೆ ಹಿಂದಿನಿಂದ ನಡೆದು ಹೋಗುವ ದಾರಿ. ಲೀಡ್ ಮಾಡದೆ, ಅಂದರೆ ಕೆಳಗಿನಿಂದ ಹಗ್ಗ ಒಯ್ಯುತ್ತಾ ಮೊದಲು ಹತ್ತದೆ, ಟಾಪ್ ರೋಪ್ ಹಾಕುವ ಹಾಗಿರಬೇಕು. ನಾನು ಲೀಡ್ ಮಾಡುವುದನ್ನು ಮಕ್ಕಳು ಕೆಳಗೆ ನಿಂತು ನೋಡಿದರೆ ಅರ್ಧ ಗಂಟೆ "ಅಮ್ಮಾ ಅಮ್ಮಾ" ಅಂತ ಅರಚುತ್ತಾರೆ, ಬಿಲೇ ಮಾಡುವವರ (ಕೆಳಗೆ ನಿಂತು ಹಗ್ಗ ಹಿಡಿಯುವವರ) ಗಮನ ಎಲ್ಲಾ ಅಲ್ಲಿಗೇ ಹೋಗುತ್ತದೆ. ಮೂರನೆಯದು, ಪಶ್ಚಿಮಕ್ಕೆ ಮುಖ ಮಾಡಿದ ಬಂಡೆ. ಬೆಳಿಗ್ಗೆ ನೆರಳು ಹತ್ತು, ಹತ್ತೂವರೆವರೆಗಾದರೂ ಸಿಗುತ್ತದೆ. ಪೂರ್ವದ ಬಂಡೆಗೆ ಏಳೂವರೆಗೇ ಬಿಸಿಲು ಬಡಿಯುತ್ತದೆ, ಒಂಬತ್ತಕ್ಕೆ ಮಕ್ಕಳ ಮುಖ ಕೆಂಪಗಾಗುತ್ತದೆ. ಗಾಡಿ ನಿಲ್ಲಿಸಿದಲ್ಲಿಂದ ಕಾಲು ಗಂಟೆಗಿಂತ ಜಾಸ್ತಿ ನಡಿಗೆ ಇದ್ದರೆ, ವಾಪಸ್ ಬರುವಾಗ ಹಗ್ಗ ಒಂದು ಹೆಗಲಲ್ಲಿ, ಮಗ ಇನ್ನೊಂದರಲ್ಲಿ.

ಈ ಲೆಕ್ಕದಲ್ಲಿ ಸಾವನದುರ್ಗ ಮೊದಲೇ ಹೊರಗೆ. ಅಲ್ಲಿ ಬಂಡೆ ಹತ್ತುವ 'ಬೆಳದಿಂಗಳು' ಅನ್ನುವ ರೂಟ್ ಅಂದರೆ ನನಗೆ ಪ್ರಾಣ, ಆದರೆ ಮಕ್ಕಳ ಜೊತೆ ಹೋದರೆ ಅದು ನಡೆದು ಹತ್ತುವ ಬೆಟ್ಟ, ಅಷ್ಟೇ. ಚಿತ್ರದುರ್ಗಕ್ಕೂ ಹೋಗಿದ್ದೆವು. ಅಲ್ಲಿ ಹತ್ತುವುದಕ್ಕಲ್ಲ, ಕೋಟೆ ನೋಡಲು. ಕೋತಿರಾಜ್ ಹಗ್ಗ ಇಲ್ಲದೆ ಆ ಗೋಡೆ ಹತ್ತುವ ವಿಡಿಯೋ ನೋಡಿಕೊಂಡು ಬಂದಿದ್ದ ಮಗನಿಗೆ ಹಗ್ಗ ಅಂದರೆ ಅವಮಾನ ಆಗಿಬಿಟ್ಟಿತ್ತು. ಆವಾಗ ಮನೆಯಲ್ಲಿ ಒಂದು ಕಾನೂನು ಬಂತು: ಹಗ್ಗ ಇಲ್ಲದೆ ಹತ್ತಬಹುದು, ಆದರೆ ಪಾದ ಅಮ್ಮನ ಸೊಂಟಕ್ಕಿಂತ ಮೇಲೆ ಹೋಗಬಾರದು. ಅಡಿಯ ಲೆಕ್ಕ ಹೇಳಿದರೆ ವಾದ ಮಾಡುತ್ತಾರೆ. ಸೊಂಟ ಅಂದರೆ ವಾದ ಇಲ್ಲ.

ಹೆಜ್ಜೇನಿನ ಬಗ್ಗೆ ನಾನು ಹಟಮಾರಿ. ಬೈನಾಕ್ಯುಲರ್ ಹಿಡಿದು ಸುತ್ತಲಿನ ಎಲ್ಲಾ ಚಾಚಿದ ಬಂಡೆಗಳ ಅಡಿ ನೋಡುತ್ತೇನೆ, ನಾವು ಹತ್ತುವುದನ್ನು ಮಾತ್ರ ಅಲ್ಲ. ಕಪ್ಪಗೆ ಅರ್ಧಚಂದ್ರದ ಹಾಗೆ ಒಂದು ಕಂಡರೂ ವಾಪಸ್. ದೊಡ್ಡವರು ಓಡಬಹುದು, ಹಾರ್ನೆಸ್ (ಹಗ್ಗ ಕಟ್ಟುವ ಬೆಲ್ಟು) ಹಾಕಿಕೊಂಡು ಬಂಡೆ ನಡುವೆ ಇರುವ ಮಗು ಎಲ್ಲಿಗೆ ಓಡುತ್ತದೆ? ಹತ್ತಲು ಹೋಗುವ ದಿನ ಯಾರೂ ಸೆಂಟ್ ಹಾಕಲ್ಲ, ತಲೆಗೆ ಹೂವಿಲ್ಲ, ಬುಡದಲ್ಲಿ ಬೆಂಕಿ ಹಚ್ಚಲ್ಲ. ಒಂದು ಸಲ ಪೆಟ್ರೋಲ್ ಸುಟ್ಟು ಅಷ್ಟು ದೂರ ಹೋಗಿ, ಕಾರಿನಿಂದಲೇ ತಿರುಗಿ, ತಟ್ಟೆ ಇಡ್ಲಿ ತಿಂದುಕೊಂಡು ಮನೆಗೆ ಬಂದಿದ್ದೇವೆ. ಮಕ್ಕಳಿಗೆ ಅದು ಒಳ್ಳೆ ಟ್ರಿಪ್.

ಈಗ ವಿಧಾನ. ನಾನು ಹತ್ತುವುದನ್ನು ಕಲಿಸಲೇ ಇಲ್ಲ. ಇಳಿಯುವುದನ್ನು ಕಲಿಸಿದೆ. ಮೊದಲ ಕೆಲವು ವಾರ ನಾಲ್ಕೈದು ಅಡಿ ಹತ್ತುವುದು, ಹಗ್ಗಕ್ಕೆ ಮೈ ಬಿಟ್ಟು ಕೂರುವುದು, ಕಾಲು ಅಗಲಿಸಿ ಬಂಡೆ ಮೇಲೆ ಹಿಂದಕ್ಕೆ ನಡೆಯುವುದು. ಅಷ್ಟೇ. "ಇಷ್ಟು ದೂರ ಬಂದು ಇದಕ್ಕಾ?" ಅಂತ ಜೊತೆಯವರು ನಗುತ್ತಿದ್ದರು. ಆದರೆ ನೋಡಿ, ಮಕ್ಕಳಿಗೆ ಮೇಲೆ ಹೋಗುವ ಹೆದರಿಕೆ ಇರುವುದೇ ಇಲ್ಲ. ಮೂವತ್ತು ಅಡಿ ಸರಸರ ಹೋಗಿ, ಕೆಳಗೆ ನೋಡಿ, ಬಂಡೆ ತಬ್ಬಿಕೊಂಡು ಹೋ ಅಂತ ಅಳುವುದು. "ಕೈ ಬಿಡು, ಹಿಂದಕ್ಕೆ ಬಾಗು" ಅಂದರೆ ಆ ಹೊತ್ತಿನಲ್ಲಿ ಯಾವ ಮಗು ಬಿಡುತ್ತದೆ? ಅದನ್ನು ನೆಲದ ಹತ್ತಿರವೇ ಆಟದ ಹಾಗೆ ಕಲಿತಿರಬೇಕು. ನಗುತ್ತಿದ್ದವರಲ್ಲಿ ಒಬ್ಬರು ತಮ್ಮ ಮಗನನ್ನು ಇಳಿಸಲು ತಾವೇ ಹತ್ತಿ ಹೋಗಬೇಕಾಯಿತು. ಆಮೇಲೆ ನಗಲಿಲ್ಲ.

ನಮಗೆ ಕೈಕೊಟ್ಟಿದ್ದು ಬೇರೆ ಕಡೆ. ಮಗ ಸರಿಯಾಗಿ ಬಾಗಿದ, ಕಾಲು ಅಗಲಿಸಿದ, ನಮ್ಮನೆಯವರು ಗ್ರಿಗ್ರಿಯ (ಹಗ್ಗವನ್ನು ಬಿಗಿಹಿಡಿಯುವ ಬಿಲೇ ಸಾಧನ) ಹಿಡಿ ಎಳೆದರು. ಮಗ ಅಲ್ಲೇ! ಕೆಳಗೆ ಬರಲೇ ಇಲ್ಲ. ಹದಿನೆಂಟು ಕೆಜಿ ಭಾರಕ್ಕೆ ಹಗ್ಗ ಸರಿಯುತ್ತಿರಲಿಲ್ಲ. ಮೇಲೆ ಬಂಡೆಯ ಅಂಚಿಗೆ ಹಗ್ಗ ಉಜ್ಜುತ್ತಿತ್ತು, ಗ್ರಿಗ್ರಿಯೂ ಹಿಡಿದುಕೊಳ್ಳುತ್ತಿತ್ತು. ಮಗನಿಗೆ ಖುಷಿಯೋ ಖುಷಿ, ಉಯ್ಯಾಲೆ ಆಡಿದ. ನಮಗೆ ಬೆವರು. ಒಂದಷ್ಟು ವಾರ ಇದರಲ್ಲೇ ಹೋಯಿತು. ಕೊನೆಗೆ ಮೇಲೆ ಹಗ್ಗಕ್ಕೆ ಆಧಾರವಾದ ಆ್ಯಂಕರ್ ಅನ್ನು ಸ್ಟ್ಯಾಟಿಕ್ (ಹಿಗ್ಗದ) ಹಗ್ಗದಿಂದ ಉದ್ದ ಮಾಡಿ, ಹಗ್ಗ ಹಾಯುವ ಕೊಂಡಿಗಳಾದ ಕ್ಯಾರಬೀನರ್‌ಗಳು ಅಂಚಿನಿಂದ ಒಂದಡಿ ಕೆಳಗೆ ತೂಗುವ ಹಾಗೆ ಮಾಡಿದೆ. ಅಂಚಿನಲ್ಲಿ ಸ್ಟ್ಯಾಟಿಕ್ ಹಗ್ಗಕ್ಕೆ ಹಳೇ ಜೀನ್ಸಿನ ಕಾಲು ತೊಡಿಸಿದೆ. ಹನ್ನೊಂದು ಎಂಎಂ ದಪ್ಪದ ಹಳೇ ಹಗ್ಗ ಬಿಟ್ಟು ಒಂಬತ್ತು ಚಿಲ್ಲರೆ ಎಂಎಂ ತಂದೆವು. ಮಗನಿಗೆ ಮಾತ್ರ ಎಟಿಸಿಯಲ್ಲಿ ಬಿಲೇ, ಅದು ತಾನಾಗಿ ಹಗ್ಗ ಹಿಡಿಯದ ಸರಳ ಸಾಧನ. ಆದರೆ ಎಟಿಸಿಯನ್ನು ಹಗ್ಗ ತಡೆಯುವ ಬ್ರೇಕ್ ಕೈ ಬಿಡದವರಿಗೆ ಮಾತ್ರ ಕೊಡಿ, ಮಾತಿನ ಮಲ್ಲರಿಗೆ ಬೇಡ. ಈಗ ಮಗ ಸಲೀಸಾಗಿ ಬರುತ್ತಾನೆ. ಇನ್ನೊಂದು ಉಪಾಯವೂ ಇದೆ, ಹಗ್ಗ ಕಟ್ಟುವುದರಲ್ಲಿ. ಅದನ್ನು ಬರೆದು ಹೇಳಲ್ಲ, ಬಂದರೆ ಕೈಯಲ್ಲಿ ತೋರಿಸುತ್ತೇನೆ.

ಹಾರ್ನೆಸ್ ವಿಷಯದಲ್ಲಿ ಕಂಜೂಸ್ ಬೇಡ. ಚಿಕ್ಕ ಮಕ್ಕಳಿಗೆ ಸೊಂಟವೇ ಇರಲ್ಲ. ಸೊಂಟ, ತೊಡೆಗೆ ಮಾತ್ರ ಕಟ್ಟುವ ಸಿಟ್ ಹಾರ್ನೆಸ್ ಹಾಕಿದರೆ, ತಲೆಕೆಳಗಾದಾಗ ಜಾರಿ ಹೋಗುವ ಭಯ. ಮಗನಿಗೆ ಫುಲ್ ಬಾಡಿ ಹಾರ್ನೆಸ್, ಸುಮಾರು ಐದಾರು ಸಾವಿರ ಆಯಿತು. ಇಬ್ಬರ ಹೆಲ್ಮೆಟ್ ಸೇರಿ ಐದು ಸಾವಿರದ ಹತ್ತಿರ. ಬುಡದಲ್ಲಿ ಕೂತಿರುವಾಗಲೂ ಹೆಲ್ಮೆಟ್ ತೆಗೆಯುವ ಹಾಗಿಲ್ಲ. ಹೊಸ ಹಗ್ಗ ಒಂಬತ್ತು ಹತ್ತು ಸಾವಿರ ಇರಬೇಕು. ಹೊಟ್ಟೆ ಉರಿಸಿದ್ದು ಶೂ. ಮಕ್ಕಳ ಕ್ಲೈಂಬಿಂಗ್ ಶೂಗೆ ಮೂರೂವರೆ, ನಾಲ್ಕು ಸಾವಿರ ಕೊಟ್ಟರೆ ಒಂದೇ ಸೀಸನ್‌ಗೆ ಬೆರಳು ಮುದುಡುತ್ತದೆ. ಮಗಳಿಗೆ ಮೊದಲ ವರ್ಷ ಶೂ ಕೊಡಿಸಲೇ ಇಲ್ಲ, ಬರಿಗಾಲಲ್ಲಿ ಹತ್ತಿದಳು. ಬೆಳಗಿನ ತಂಪಿನಲ್ಲಿ ಸ್ಲ್ಯಾಬ್‌ಗೆ ಬರಿಗಾಲು ಸಾಕು, ಪಾದ ಚೆನ್ನಾಗಿ ಕಲಿಯುತ್ತದೆ. ಶಾಲೆಯ ಕ್ಯಾನ್ವಾಸ್ ಶೂ ಮಾತ್ರ ಬೇಡ, ಅದರ ಅಡಿ ಗ್ರಾನೈಟ್ ಮೇಲೆ ಸೋಪು.

ಇದಕ್ಕೂ ಮುಂಚೆ ಮಗಳನ್ನು ಒಂದು ಮಕ್ಕಳ ಕ್ಯಾಂಪಿಗೆ ಕಳಿಸಿದ್ದೆವು. ದಿನಕ್ಕೆ ಸಾವಿರದ ಐನೂರರ ಮೇಲೆ. ಮೂವತ್ತು ಮಕ್ಕಳು, ಎರಡು ಹಗ್ಗ. ಬಿಸಿಲಲ್ಲಿ ಸಾಲಿನಲ್ಲಿ ನಿಂತು ಎರಡು ಸಲ ಹತ್ತಿ, ಸರ್ಟಿಫಿಕೇಟ್ ತಂದಳು. ಆ ದುಡ್ಡಿಗೆ ನಾಲ್ಕು ಒಳ್ಳೆ ಕ್ಯಾರಬೀನರ್ ಬರುತ್ತಿತ್ತು.

ಉಳಿತಾಯದ ಹುಚ್ಚಿನಲ್ಲಿ ಪ್ರಯೋಗಗಳೂ ನಡೆದವು. ಕೈ ಜಾರದಿರಲು ಹಚ್ಚುವ ಚಾಕ್ ಪುಡಿಯ ಬದಲು ರಂಗೋಲಿ ಪುಡಿ: ಕೈ ಇನ್ನೂ ಜಾರಿತು, ಮಗಳು ಬಂಡೆ ಬುಡದಲ್ಲಿ ಎಂಟು ಚುಕ್ಕಿ ರಂಗೋಲಿ ಹಾಕಿದಳು, ಅದೊಂದೇ ಲಾಭ. ಜೋಳದ ಹಿಟ್ಟು: ಬೆವರಿಗೆ ಅಂಟು, ಮನೆಗೆ ಬರುವಷ್ಟರಲ್ಲಿ ಚೀಲದ ತುಂಬಾ ಇರುವೆ. ಬಿದ್ದರೆ ಪೆಟ್ಟಾಗದಿರಲಿ ಅಂತ ಕೆಳಗೆ ಹಾಸುವ ಕ್ರ್ಯಾಶ್ ಪ್ಯಾಡ್ ಮಾತ್ರ ಗೆದ್ದಿತು. ಅಂಗಡಿಯಲ್ಲಿ ಹನ್ನೆರಡು ಸಾವಿರದಿಂದ ಮೇಲೆ. ಹಳೇ ತೆಂಗಿನ ನಾರಿನ ಹಾಸಿಗೆ ಕತ್ತರಿಸಿ ಮೊದಲು ಮಾಡಿದ್ದು ಕಲ್ಲಿಗಿಂತ ಗಟ್ಟಿ. ಆಮೇಲೆ ಸೋಫಾ ರಿಪೇರಿಯವನ ಹತ್ತಿರ ಮೆತ್ತನೆ ಫೋಮ್ ನಾಲ್ಕು ಇಂಚು, ಅದರ ಮೇಲೆ ಮಕ್ಕಳು ಆಡುವ ಜೋಡಿಸುವ ಮ್ಯಾಟ್ ಎರಡು ಪದರ, ಸುತ್ತ ಲಾರಿ ಟಾರ್ಪಾಲಿನ ಹೊಲಿಗೆ. ಗಟ್ಟಿಯದು ಮೇಲೆ, ಮೆತ್ತಗಿನದು ಕೆಳಗೆ. ಉಲ್ಟಾ ಮಾಡಿದರೆ ಹಿಮ್ಮಡಿ ನೇರ ನೆಲಕ್ಕೆ ತಾಗುತ್ತದೆ. ಎಲ್ಲಾ ಸೇರಿ ಎರಡೂವರೆ ಸಾವಿರ. ಮಕ್ಕಳ ಎತ್ತರಕ್ಕೆ ಸಾಕು. ದೊಡ್ಡವರು ಇದರ ಮೇಲೆ ಹತ್ತಡಿಯಿಂದ ಹಾರಿ ನನ್ನನ್ನು ಬೈಯಬೇಡಿ.

ಜಾಗಗಳ ವಿಷಯಕ್ಕೆ ಬಂದರೆ, ಬೆಂಗಳೂರಿನವರಿಗೆ ಶುರು ಮಾಡಲು ಕನಕಪುರ ರಸ್ತೆ ಕಡೆಯ ತುರಹಳ್ಳಿ. ಚಿಕ್ಕ ಗುಂಡುಕಲ್ಲುಗಳು, ಮನೆಗೆ ಹತ್ತಿರ. ಅರಣ್ಯ ಇಲಾಖೆಯ ಜಾಗ, ಕೇಳಿಕೊಂಡೇ ಹೋಗಿ. ರಾಮನಗರಕ್ಕೆ ಐವತ್ತು ಕಿಲೋಮೀಟರ್. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ, ಅಲ್ಲಿ ಹತ್ತುವ ಮಾತೇ ಬೇಡ. ಸುತ್ತಮುತ್ತಲಿನ ಬೆಟ್ಟಗಳಲ್ಲೂ ಕರಡಿ, ಚಿರತೆ ಇವೆ. ಬೆಳಕು ಹರಿದ ಮೇಲೆ ಹೋಗಿ, ಮಧ್ಯಾಹ್ನಕ್ಕೆ ಮುಂಚೆ ವಾಪಸ್ ಬನ್ನಿ. ಹತ್ತುವ ಮೊದಲು ಚಕ್ಕೆಗಳನ್ನು ಕೈಯಿಂದ ತಟ್ಟಿ ನೋಡಿ. ಡಬಡಬ ಅಂತ ಟೊಳ್ಳು ಸದ್ದು ಬಂದರೆ ಅದನ್ನು ಯಾರೂ ಹಿಡಿಯಬಾರದು. ನೀರು ಹರಿದ ಕಪ್ಪು ಪಟ್ಟೆಗಳು ಒದ್ದೆಯಾದರೆ ಎಣ್ಣೆ. ಮಾಗಡಿ ಕಡೆ ನನ್ನದೇ ಒಂದು ಜಾಗ ಇದೆ. ಹುಣಸೆ ಮರ, ಪಶ್ಚಿಮದ ಸ್ಲ್ಯಾಬ್, ಹಿಂದಿನಿಂದ ದನ ಹತ್ತುವಂಥ ದಾರಿ. ಹೆಸರು ಹೇಳಿದರೆ ಮುಂದಿನ ಭಾನುವಾರ ನನಗೇ ಜಾಗ ಇರಲ್ಲ.

ಕೋಲಾರದ ಅಂತರಗಂಗೆಗೆ ಹೋದಾಗ ಹಗ್ಗ ತೆಗೆಯಲೇ ಇಲ್ಲ. ಬಂಡೆಗಳ ನಡುವೆ ತೂರುವ ಗುಹೆಗಳಲ್ಲೇ ಮಕ್ಕಳಿಗೆ ದಿನ ಕಳೆಯಿತು. ನಂದಿಯ ಬಾಯಿಂದ ಬೀಳುವ ನೀರಿಗೆ ತಲೆಯೊಡ್ಡಿ ವಾಪಸ್ ಬಂದೆವು. ಹಗ್ಗ ಹೊತ್ತು ತಂದವರು ಮಾತ್ರ ಗೊಣಗುತ್ತಿದ್ದರು. ಹಂಪಿ ಕಡೆ ಹೋದರೆ ಸ್ಮಾರಕಗಳ ಸುತ್ತ ಹತ್ತಬೇಡಿ. ನದಿಯಾಚೆ ಆನೆಗೊಂದಿ, ಸಾಣಾಪುರದ ಕಡೆ ಮಕ್ಕಳಿಗೆ ಆಗುವ ಗುಂಡುಗಳು ಬೇಕಾದಷ್ಟಿವೆ. ಆದರೆ ಆ ಬಂಡೆಯ ಕಾಳು ಬಹಳ ಒರಟು. ಅರ್ಧ ದಿನಕ್ಕೆ ಬೆರಳ ತುದಿ ಸವೆದು ಇಬ್ಬರೂ ಚಮಚದಲ್ಲಿ ಊಟ ಮಾಡಿದರು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬಾದಾಮಿ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಮಲಗಿಕೊಂಡೇ ಹೋಗಬಹುದು, ಮಕ್ಕಳಿಗೆ ಕಾರಿಗಿಂತ ಅದೇ ಒಳ್ಳೆಯದು. ಅಲ್ಲಿ ಮರಳುಗಲ್ಲು, ಕೈತುಂಬಾ ಸಿಗುವ ಹಿಡಿಗಳು. ಸ್ಲ್ಯಾಬ್ ಮಕ್ಕಳು ಅಲ್ಲಿ ಒದ್ದಾಡುತ್ತಾರೆ ಅಂತ ಎಲ್ಲರೂ ಹೇಳಿದ್ದರು. ಆಗಿದ್ದು ಉಲ್ಟಾ. ಗೋಡೆಯಲ್ಲಿ ಕಲಿತ ಮಕ್ಕಳು ತೋಳಿನಲ್ಲೇ ನೇತಾಡಿ ಅರ್ಧಕ್ಕೇ ಸುಸ್ತಾದರು. ನಮ್ಮ ಮಗಳು ಪ್ರತಿ ಹಿಡಿಯಲ್ಲೂ ಮೊದಲು ಪಾದ ನೋಡಿ ಇಟ್ಟು, ಕೈ ಸಡಿಲ ಬಿಟ್ಟು ನಿಂತು, ನಿಧಾನವಾಗಿ ಮೇಲೆ ಮುಟ್ಟಿದಳು. ಮಳೆ ಬಂದಿದ್ದರೆ ಎರಡು ಮೂರು ದಿನ ಬಂಡೆ ಮುಟ್ಟಬೇಡಿ. ಒದ್ದೆ ಮರಳುಗಲ್ಲು ಒಳಗಿಂದ ಬಲ ಕಳೆದುಕೊಳ್ಳುತ್ತದೆ, ಹಿಡಿಯೇ ಕೈಗೆ ಕಿತ್ತು ಬರುತ್ತದೆ. ಗುಹೆಗಳ ಹತ್ತಿರ ಕೋತಿಗಳಿಗೆ ಚೀಲದ ಜಿಪ್ ತೆಗೆಯಲು ಬರುತ್ತದೆ, ನಮ್ಮ ಚಕ್ಕುಲಿ ಡಬ್ಬಿ ಅಲ್ಲೇ ಹೋಯಿತು. ಸಂಜೆ ಖಾನಾವಳಿಯಲ್ಲಿ ಮಗ ಎರಡು ಜೋಳದ ರೊಟ್ಟಿ ತಿಂದ. ಮನೆಯಲ್ಲಿ ಅರ್ಧ ಚಪಾತಿಗೆ ಗೋಗರೆಯಬೇಕು.

ಡಿಸೆಂಬರ್‌ನಲ್ಲಿ ಮತ್ತೆ ಬಾದಾಮಿಗೆ ಹೊರಟಿದ್ದೇವೆ. ಮಗಳ 31ರ ಸೈಜಿನ ಶೂ ಈಗ ಮಗನಿಗೆ ದೊಡ್ಡದು, ಅವಳಿಗೆ ಚಿಕ್ಕದು. ಯಾರ ಮನೆಯಲ್ಲಾದರೂ 33ರದ್ದು ಸುಮ್ನೆ ಬಿದ್ದಿದ್ದರೆ ಬದಲಾಯಿಸಿಕೊಳ್ಳೋಣ. ಅಡಿ ಸವೆದಿದ್ದರೂ ಪರವಾಗಿಲ್ಲ, ರಬ್ಬರ್ ಹಾಕಿಸಲು ಒಬ್ಬ ಒಳ್ಳೆ ಚಪ್ಪಲಿ ರಿಪೇರಿಯವರನ್ನು ಪಳಗಿಸಿದ್ದೇನೆ.