ಜೈಂಟ್ಸ್ ಆಟಕ್ಕೆ ಹೊರಟಿದ್ದೀರಾ? ಜೇಬು ಉಳಿಸಿಕೊಳ್ಳುವ ದಾರಿ

ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ತಂಡ ಜೈಂಟ್ಸ್‌ನ ತವರು ಮೈದಾನ ಓರಾಕಲ್ ಪಾರ್ಕ್‌ಗೆ ಟಿಕೆಟ್ ಕೊಳ್ಳುವ ಮುಂಚೆ ಎದುರಾಳಿ ಯಾರು ನೋಡಿ. ವಿಮಾನದ ಟಿಕೆಟ್‌ನಂತೆ ಬೇಡಿಕೆಗೆ ತಕ್ಕಂತೆ ದರ ಏರಿಳಿಸುವ ಪದ್ಧತಿಯನ್ನು 2010ರಲ್ಲೇ ಇಡೀ ಮೈದಾನಕ್ಕೆ ತಂದವರು ಇವರು. ಬದ್ಧ ಎದುರಾಳಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬಂದರೆ ಜೇಬಿಗೆ ಕತ್ತರಿ. ಏಪ್ರಿಲ್‌ನ ಮಂಗಳವಾರ, ಸಾಧಾರಣ ತಂಡ ಬಂದಾಗ ಅಗ್ಗ. ಒಂದು ಸೀಸನ್‌ಗೆ ತವರಿನಲ್ಲೇ 81 ಪಂದ್ಯ ಇರುತ್ತವಲ್ಲ, ಅವಸರ ಯಾಕೆ?

ಕಾರು ಬೇಡ. ಅಲ್ಲಿನ ಲೋಕಲ್ ರೈಲು ಕ್ಯಾಲ್‌ಟ್ರೇನ್‌ನ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕೊನೆ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಹೊರಗಿನ ತಿಂಡಿ ಒಳಗೆ ಬಿಡ್ತಾರೆ. ನಾನು ಪುಳಿಯೋಗರೆ ಕಟ್ಟಿಕೊಂಡೇ ಹೋಗೋದು. ಆದರೂ ಗಾರ್ಲಿಕ್ ಫ್ರೈಸ್ ವಾಸನೆಗೆ ನಮ್ಮನೆಯವರು ಸೋಲ್ತಾರೆ, ಅದು ಬೇರೆ ಮಾತು. ಕೊಲ್ಲಿಯ ಗಾಳಿ ಜುಲೈನಲ್ಲೂ ನಡುಗಿಸುತ್ತೆ, ಸ್ವೆಟರ್ ಇರಲಿ.

ಟಿಕೆಟ್ಟೇ ಬೇಡವೆಂದರೆ ಬಲಗಡೆ ಗೋಡೆಯ ಹಿಂದೆ, ನೀರಿನ ದಂಡೆಯ ಕಮಾನುಗಳಿಂದ ಬಿಟ್ಟಿಯಾಗಿ ನೋಡಬಹುದು. ಒಂಬತ್ತರಲ್ಲಿ ಮೂರು ಇನ್ನಿಂಗ್ಸ್ ಆದ ಮೇಲೆ ಹಿಂದಿನವರಿಗೆ ಜಾಗ ಬಿಡಿ.